ಕ್ರೇನ್ ಸರ್ವಿಸ್: ಗ್ರೀಸ್ ಗನ್‌ಗಿಂತ ಮೊದಲು ವರ್ನಿಯರ್ ಎತ್ತಿಕೊಳ್ಳಿ

ಕ್ರೇನ್ ಸರ್ವಿಸ್‌ಗೆಂದು ಮೇಲೆ ಹತ್ತಿದವರ ಕೈ ಮೊದಲು ಹೋಗುವುದು ಗ್ರೀಸ್ ಗನ್ ಕಡೆಗೆ. ನಾನೂ ಹಾಗೇ ಶುರು ಮಾಡಿದವನು. ನಾಲ್ಕಾರು ನಿಪ್ಪಲ್‌ಗೆ ಗ್ರೀಸ್ ಹೊಡೆದು, ರೋಪಿಗೆ ಒಂದಿಷ್ಟು ಬಳಿದು, ಚೆಕ್‌ಲಿಸ್ಟ್‌ನಲ್ಲಿ ಮೇಲಿಂದ ಕೆಳಗಿನವರೆಗೆ ಟಿಕ್ ಹಾಕಿ ಇಳಿದರೆ ಆ ತಿಂಗಳ ಕೆಲಸ ಮುಗಿಯಿತು ಅನ್ನಿಸುತ್ತಿತ್ತು. ಆದರೆ ಆ ಟಿಕ್ ನೋಡಿ ಮುಂದಿನ ತಿಂಗಳು ಬಂದವನಿಗೆ ಏನು ತಿಳಿಯಬೇಕು? ಬ್ರೇಕಿನಲ್ಲಿ ಉಜ್ಜಿ ಸವೆಯುವ ಪದರದ ಬಗ್ಗೆ ‘ಬ್ರೇಕ್ ಲೈನರ್: ಸರಿ’ ಎಂದು ಹನ್ನೆರಡು ತಿಂಗಳು ಬರೆದಿರುತ್ತಾರೆ, ಹದಿಮೂರನೇ ತಿಂಗಳು ಲೋಡ್ ಜಾರುತ್ತದೆ. ‘ಬ್ರೇಕ್ ಲೈನರ್: 4.2 ಮಿ.ಮೀ.’ ಎಂದು ಬರೆದಿದ್ದರೆ ಅದು ತಿಂಗಳಿಗೆಷ್ಟು ಸವೆಯುತ್ತಿದೆ, ಇನ್ನೆಷ್ಟು ದಿನ ಬಾಳುತ್ತದೆ ಎಂದು ಯಾರು ಬೇಕಾದರೂ ಲೆಕ್ಕ ಹಾಕಬಹುದಿತ್ತು. ಹಾಗಾಗಿ ಮುಂದೆ ಹೇಳುವ ಪ್ರತಿ ಹೆಜ್ಜೆಗೂ ಸ್ಪ್ಯಾನರ್ ಜೊತೆ ಒಂದು ವರ್ನಿಯರ್ (ದಪ್ಪ, ವ್ಯಾಸ ಅಳೆಯುವ ಸಾಧನ), ಒಂದು ಫೀಲರ್ ಗೇಜ್ (ಸಣ್ಣ ಸಂದಿ ಅಳೆಯುವ ತೆಳು ಪಟ್ಟಿಗಳು), ಒಂದು ನೋಟ್‌ಬುಕ್ ಬೇಕು.

ನಾನು ಹೇಳುತ್ತಿರುವುದು ಶೆಡ್ಡಿನೊಳಗೆ ಹಳಿಯ ಮೇಲೆ ಓಡುವ ಇಒಟಿ (ಎಲೆಕ್ಟ್ರಿಕ್ ಓವರ್‌ಹೆಡ್ ಟ್ರಾವೆಲಿಂಗ್) ಕ್ರೇನ್ ಮತ್ತು ಅದರ ವೈರ್ ರೋಪ್ ಹಾಯ್ಸ್ಟ್, ಅಂದರೆ ತಂತಿ ಹಗ್ಗವನ್ನು ಡ್ರಮ್ಮಿಗೆ ಸುತ್ತಿ ಲೋಡ್ ಎತ್ತುವ ಯಂತ್ರದ ಬಗ್ಗೆ. ಓದುವವರು ಈ ಕೆಲಸದ ತರಬೇತಿ ಇರುವ ಮೆಕ್ಯಾನಿಕ್, ಎಲೆಕ್ಟ್ರಿಷಿಯನ್ ಅಥವಾ ಅವರ ಮೇಲ್ವಿಚಾರಕರು ಎಂದುಕೊಂಡಿದ್ದೇನೆ. ಇಲ್ಲಿನ ಅಂಕಿಗೂ ನಿಮ್ಮ ಕ್ರೇನಿನ ಮ್ಯಾನ್ಯುಯಲ್‌ಗೂ ವ್ಯತ್ಯಾಸ ಬಂದರೆ ಮ್ಯಾನ್ಯುಯಲ್ ಹೇಳಿದ್ದೇ ಸರಿ.

1. ಮೇಲೆ ಹತ್ತುವ ಮುಂಚೆ ಆಪರೇಟರ್ ಹತ್ತಿರ ಮಾತಾಡಿ

ದಿನವಿಡೀ ಪೆಂಡೆಂಟ್ (ಕ್ರೇನಿನಿಂದ ತೂಗುವ ಬಟನ್ ಪೆಟ್ಟಿಗೆ) ಹಿಡಿದು ನಿಂತವನಿಗೆ ಕ್ರೇನಿನ ನಾಡಿ ಗೊತ್ತಿರುತ್ತದೆ. ‘ಇಳಿಸೋವಾಗ ಬಟನ್ ಬಿಟ್ಟ ಮೇಲೂ ಸ್ವಲ್ಪ ಇಳಿಯುತ್ತೆ ಸಾರ್’, ‘ಬೆಳಿಗ್ಗೆ ಹೊತ್ತು ಒಂದು ಕಡೆ ಎಳೆಯುತ್ತೆ’ ಎಂಬಂಥ ಮಾತು ಯಾವ ಫಾರ್ಮಿನಲ್ಲೂ ಸಿಗುವುದಿಲ್ಲ. ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದುಕೊಳ್ಳಿ. ಆಮೇಲೆ ಲೋಡ್ ಇಲ್ಲದೆ ಎಲ್ಲ ದಿಕ್ಕಿಗೂ ಒಮ್ಮೆ ಓಡಿಸಿ ಕೇಳಿಸಿಕೊಳ್ಳಿ. ಕರೆಂಟ್ ಕಡಿದ ಮೇಲೆ ಈ ಅವಕಾಶ ಮತ್ತೆ ಸಿಗುವುದು ಕೆಲಸವೆಲ್ಲ ಮುಗಿದ ಮೇಲೆಯೇ.

2. ಕರೆಂಟ್ ಕಡಿದು ಬೀಗ ಹಾಕಿ

ಲೋಡ್ ತೆಗೆದು, ಹುಕ್ ಬ್ಲಾಕನ್ನು ನೆಲಕ್ಕೆ ಇಳಿಸಿ ಕೂರಿಸಿ. ಮೇನ್ ಐಸೊಲೇಟರ್ ಆಫ್ ಮಾಡಿ ನಿಮ್ಮದೇ ಬೀಗ ಹಾಕಿ, ಕೀ ನಿಮ್ಮ ಜೇಬಿನಲ್ಲಿರಲಿ. ನಾಲ್ಕು ಜನ ಮೇಲಿದ್ದರೆ ನಾಲ್ಕು ಬೀಗ. ಆಮೇಲೆ ಪೆಂಡೆಂಟ್ ಒತ್ತಿ ಕ್ರೇನ್ ಅಲುಗುವುದಿಲ್ಲ ಎಂದು ನೋಡಿ, ಪ್ಯಾನೆಲ್ಲಿನಲ್ಲಿ ಮೀಟರ್ ಇಟ್ಟು ಪರೀಕ್ಷಿಸಿ. ಆ ಮೀಟರ್ ಸರಿಯಿದೆಯೇ ಎಂದು ಅದಕ್ಕೂ ಮೊದಲು, ಆಮೇಲೆ ಮತ್ತೊಮ್ಮೆ, ಕರೆಂಟ್ ಇರುವ ಬೇರೊಂದು ಜಾಗದಲ್ಲಿ ಖಚಿತಪಡಿಸಿಕೊಳ್ಳಿ. ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಡ್ರೈವ್) ಇದ್ದರೆ ಅದರೊಳಗಿನ ಕೆಪಾಸಿಟರ್ ಖಾಲಿಯಾಗಲು ಡ್ರೈವ್ ಮೇಲೆ ಬರೆದಷ್ಟು ನಿಮಿಷ ಕಾಯಬೇಕು.

ಎಲ್ಲರೂ ಮರೆಯುವುದು ಪಕ್ಕದ ಕ್ರೇನನ್ನು. ಒಂದೇ ಹಳಿಯ ಮೇಲೆ ಎರಡು ಕ್ರೇನ್ ಇದ್ದರೆ ನಿಮ್ಮದಕ್ಕೆ ಎಷ್ಟು ಬೀಗ ಹಾಕಿದರೂ ಇನ್ನೊಂದು ಬಂದು ಗುದ್ದಬಹುದು. ಹಳಿಗೆ ಸ್ಟಾಪರ್ ಬಿಗಿದು, ಆ ಕ್ರೇನಿನ ಆಪರೇಟರ್‌ಗೂ ತಿಳಿಸಿ. ಕೆಳಗೆ ಜನ ಓಡಾಡದಂತೆ ಸುತ್ತ ಅಡ್ಡ ಕಟ್ಟಿಸಿ. ಮೇಲಿಂದ ಬೀಳುವ 19ರ ಸ್ಪ್ಯಾನರ್‌ಗೆ ಹೆಲ್ಮೆಟ್ ಸಾಲುವುದಿಲ್ಲ.

3. ವೈರ್ ರೋಪ್

ಇಡೀ ಸರ್ವಿಸ್‌ನ ಅರ್ಧ ಸಮಯ ಇಲ್ಲಿಗೇ ಹೋಗಲಿ. 1834ರಲ್ಲಿ ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಗಣಿಯಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಅಧಿಕಾರಿ ಕಬ್ಬಿಣದ ತಂತಿ ಹೆಣೆದು ರೋಪ್ ಮಾಡಿಸಿದರು. ಮೂರು ಸ್ಟ್ರ್ಯಾಂಡ್ (ತಂತಿಗಳನ್ನು ಹೆಣೆದ ಎಳೆ), ಒಂದೊಂದರಲ್ಲಿ ನಾಲ್ಕು ತಂತಿ, ಅಷ್ಟೇ. ಅದಕ್ಕೆ ಮೊದಲು ಗಣಿಯಲ್ಲಿ ಬಳಸುತ್ತಿದ್ದ ಸರಪಳಿಯ ಒಂದು ಕೊಂಡಿ ತುಂಡಾದರೆ ಎಲ್ಲ ಮುಗಿಯಿತು. ರೋಪಿನಲ್ಲಿ ಒಂದು ತಂತಿ ತುಂಡಾದರೆ ಉಳಿದವು ಭಾರ ಹಂಚಿಕೊಳ್ಳುತ್ತವೆ. ನಾವು ಇವತ್ತು ತುಂಡಾದ ತಂತಿ ಎಣಿಸುತ್ತೇವಲ್ಲ, ಅದು ಸಾಧ್ಯವಾಗುವುದು ಈ ಗುಣದಿಂದ. ಎಣಿಸುವವರಿಲ್ಲದಿದ್ದರೆ ರೋಪ್ ಕೊಡುವ ಮುನ್ಸೂಚನೆ ಯಾರಿಗೂ ದಕ್ಕುವುದಿಲ್ಲ.

ಮೊದಲು ವೈರ್ ಬ್ರಷ್ ಮತ್ತು ಬಟ್ಟೆಯಿಂದ ಹಳೆಯ ಗ್ರೀಸ್ ತೆಗೆಯಿರಿ. ಗಟ್ಟಿಯಾದ ಗ್ರೀಸ್ ಕೆಳಗೆ ತುಕ್ಕು ಅಡಗಿ ಕೂತಿರುತ್ತದೆ. ಓಡುತ್ತಿರುವ ರೋಪನ್ನು ಯಾವ ಕಾರಣಕ್ಕೂ ಕೈಯಲ್ಲಿ ಹಿಡಿಯಬೇಡಿ, ಕೈಗವಸು ಇದ್ದರೂ ಬೇಡ. ನಿಂತ ರೋಪಿನ ಮೇಲೆ ಕಾಟನ್ ವೇಸ್ಟ್ ಮೆಲ್ಲಗೆ ಎಳೆದರೆ ತುಂಡಾದ ತಂತಿ ಎಲ್ಲಿದೆಯೋ ಅಲ್ಲಿ ಅದು ಸಿಕ್ಕಿಕೊಳ್ಳುತ್ತದೆ.

ಎಲ್ಲಿ ನೋಡಬೇಕು? ಡ್ರಮ್ ಪಕ್ಕ ನಿಂತು ಕಣ್ಣಿಗೆ ಬಿದ್ದಷ್ಟು ನೋಡಿ ಇಳಿಯುವುದೇ ಹೆಚ್ಚು. ಆದರೆ ರೋಪ್ ಕೆಡುವ ಜಾಗಗಳೇ ಬೇರೆ. ದಿನಾ ಒಂದೇ ಎತ್ತರದಿಂದ ಲೋಡ್ ಎತ್ತುವ ಕ್ರೇನಿನಲ್ಲಿ, ಆ ಹೊತ್ತಿಗೆ ಶೀವ್ (ರೋಪ್ ಹಾದುಹೋಗುವ ರಾಟೆ) ಮೇಲೆ ಬಾಗಿರುವ ತುಂಡು ಮೊದಲು ದಣಿಯುತ್ತದೆ. ಲೋಡನ್ನು ಆ ಎತ್ತರಕ್ಕೆ ತಂದು ರೋಪಿಗೆ ಬಣ್ಣದ ಗುರುತು ಹಾಕಿಕೊಂಡರೆ ಆಮೇಲೆ ಹುಡುಕುವುದು ಸುಲಭ. ಎರಡನೆಯದು ಈಕ್ವಲೈಸರ್ ಶೀವ್, ಅಂದರೆ ರೋಪಿನ ಎರಡೂ ಬದಿಯ ಭಾರ ಸಮ ಮಾಡುವ ರಾಟೆ. ಅದು ಹೆಚ್ಚು ತಿರುಗುವುದಿಲ್ಲ ಎಂದು ಯಾರೂ ಅತ್ತ ನೋಡುವುದಿಲ್ಲ. ತಿರುಗದ ಕಾರಣಕ್ಕೇ ಅಲ್ಲಿ ಧೂಳು, ತೇವ ನಿಂತು ರೋಪಿನ ಒಳಮೈ ಕೊರೆಯುತ್ತದೆ. ಅಲ್ಲಿ ರೋಪನ್ನು ಶೀವಿನಿಂದ ಎತ್ತಿ ನೋಡಬೇಕು. ಮೂರನೆಯದು ರೋಪ್ ಕೊನೆಯಾಗುವ ಡೆಡ್ ಎಂಡ್. ಅಲ್ಲಿ ಎರಡು ತಂತಿ ತುಂಡಾದದ್ದು ಕಂಡರೂ ಹಾಗೇ ಬಿಡುವಂತಿಲ್ಲ.

ಎಣಿಸುವ ರೀತಿ ಹೀಗೆ. ಕ್ರೇನ್ ರೋಪುಗಳಿಗಿರುವ ಐಎಸ್‌ಒ 4309 ಎಂಬ ಅಂತರರಾಷ್ಟ್ರೀಯ ಮಾನದಂಡ ಎರಡು ಉದ್ದಗಳಲ್ಲಿ ಎಣಿಸಲು ಹೇಳುತ್ತದೆ: ರೋಪಿನ ವ್ಯಾಸದ 6 ಪಟ್ಟು ಮತ್ತು 30 ಪಟ್ಟು. ಅಂದರೆ 20 ಮಿ.ಮೀ. ರೋಪಿಗೆ 120 ಮಿ.ಮೀ. ಮತ್ತು 600 ಮಿ.ಮೀ. ಆ ಉದ್ದದೊಳಗೆ ಎಷ್ಟು ತುಂಡಾಗಿದ್ದರೆ ರೋಪ್ ತೆಗೆಯಬೇಕು ಎಂಬುದು ರೋಪಿನ ಹೆಣಿಗೆಯ ಮೇಲೆ ಹೋಗುತ್ತದೆ. ಹಾಗಾಗಿ ರೋಪ್ ಸರ್ಟಿಫಿಕೇಟ್ ಇಲ್ಲದೆ ಆ ಕೋಷ್ಟಕ ಓದಲು ಬರುವುದಿಲ್ಲ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಸ್ಥೆ ಎಎಸ್‌ಎಂಇ ನಿಯಮ ಇನ್ನೂ ಸರಳ: ಒಂದು ಲೇ ಉದ್ದದಲ್ಲಿ, ಅಂದರೆ ಒಂದು ಸ್ಟ್ರ್ಯಾಂಡ್ ರೋಪಿನ ಸುತ್ತ ಒಂದು ಪೂರ್ತಿ ಸುತ್ತು ಬರುವಷ್ಟರಲ್ಲಿ, ಅಲ್ಲಲ್ಲಿ 12 ತಂತಿ ಅಥವಾ ಒಂದೇ ಸ್ಟ್ರ್ಯಾಂಡಿನಲ್ಲಿ 4 ತಂತಿ ತುಂಡಾಗಿದ್ದರೆ ರೋಪ್ ಬದಲಿಸಿ.

ಸ್ಟ್ರ್ಯಾಂಡಿನ ಮೈಮೇಲೆ ತುಂಡಾದ ತಂತಿಗಿಂತ ಎರಡು ಸ್ಟ್ರ್ಯಾಂಡ್ ನಡುವಿನ ಸಂದಿಯಲ್ಲಿ ತುಂಡಾದದ್ದು ಹೆಚ್ಚು ಅಪಾಯಕಾರಿ. ಒಳಗಿನ ಕೋರ್ ಕೈಕೊಟ್ಟು ಸ್ಟ್ರ್ಯಾಂಡುಗಳು ಒಂದಕ್ಕೊಂದು ಉಜ್ಜುತ್ತಿವೆ ಎಂಬುದರ ಸೂಚನೆ ಅದು. ಸಂದಿಯಲ್ಲಿ ಕಾಣುವುದೇ ಕಷ್ಟವಾದ್ದರಿಂದ ಒಂದು ಕಂಡರೆ ಇನ್ನಷ್ಟು ಇವೆ ಅಂದುಕೊಳ್ಳಿ. ಒಂದು ಲೇ ಉದ್ದದಲ್ಲಿ ಅಂಥವು ಎರಡು ಸಿಕ್ಕರೆ ಆ ರೋಪಿನ ಆಯಸ್ಸು ಮುಗಿಯಿತು.

ಇನ್ನು ವ್ಯಾಸ. ವರ್ನಿಯರ್ ದವಡೆ ಎದುರು-ಬದುರು ಇರುವ ಎರಡು ಸ್ಟ್ರ್ಯಾಂಡುಗಳ ಉಬ್ಬಿನ ಮೇಲೆ ಕೂರಬೇಕು, ತಗ್ಗಿನಲ್ಲಲ್ಲ. ಒಂದೇ ಜಾಗದಲ್ಲಿ 90 ಡಿಗ್ರಿ ತಿರುಗಿಸಿ ಎರಡು ಸಲ ಅಳೆದು ಸರಾಸರಿ ತೆಗೆಯಿರಿ. ಫೈಬರ್ ಕೋರ್ ರೋಪಿಗೆ 10%, ಸ್ಟೀಲ್ ಕೋರ್ ರೋಪಿಗೆ 7.5%, ತಿರುಚಿಕೊಳ್ಳದಂತೆ ಹೆಣೆದ ನಾನ್ ರೊಟೇಟಿಂಗ್ ರೋಪಿಗೆ 5% ಇಳಿದರೆ ತೆಗೆಯಿರಿ ಎನ್ನುತ್ತದೆ ಐಎಸ್‌ಒ. ಆದರೆ ಎಲ್ಲಿಂದ ಇಳಿದದ್ದು? ಲೆಕ್ಕ ಶುರುವಾಗುವುದು ಹೊಸದಾಗಿ ಹಾಕಿದಾಗ ಅಳೆದ ವ್ಯಾಸದಿಂದ. ಸರ್ಟಿಫಿಕೇಟಿನಲ್ಲಿ 20 ಮಿ.ಮೀ. ಎಂದಿದ್ದರೂ ಹೊಸ ರೋಪ್ ಅಳೆದಾಗ 20.4 ಬರಬಹುದು. ಸ್ಟೀಲ್ ಕೋರ್ ಆದರೆ 20ರ 7.5% ಅಂದರೆ 1.5 ಮಿ.ಮೀ., ಅದನ್ನು 20.4ರಿಂದ ಕಳೆದರೆ 18.9. ಹೊಸದರ ಅಳತೆ ಬರೆದಿಡದವನು 18.5ರವರೆಗೆ ಕಾಯುತ್ತಾ ಕೂರುತ್ತಾನೆ. ರೋಪ್ ಹಾಕಿದ ದಿನ ಐದು ನಿಮಿಷ ಉಳಿಸಲು ಹೋಗಿ ಹೀಗಾಗುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಒಂದೇ ಕಡೆ ವ್ಯಾಸ ಥಟ್ಟನೆ ಕುಗ್ಗಿದ್ದರೆ, ಹಕ್ಕಿಗೂಡಿನಂತೆ ತಂತಿಗಳು ಉಬ್ಬಿಕೊಂಡಿದ್ದರೆ, ಗಂಟು ಬಿದ್ದು ಮತ್ತೆ ನೇರ ಮಾಡಿದ ಗುರುತಿದ್ದರೆ, ವೆಲ್ಡಿಂಗ್ ಕಿಡಿಯಿಂದ ನೀಲಿಯಾಗಿದ್ದರೆ ಎಣಿಸುತ್ತಾ ಕೂರುವುದು ಬೇಡ, ರೋಪ್ ಬದಲಿಸಿ.

ಮುಂದಕ್ಕೂ ಬಳಸಬಹುದಾದ ರೋಪಿಗೆ ಒಳಗೆ ಇಳಿಯುವಂಥ ರೋಪ್ ಲ್ಯೂಬ್ರಿಕಂಟ್ ಹಾಕಿ. ಹಳೆಯ ಎಂಜಿನ್ ಆಯಿಲ್ ಬಳಿಯುವ ಅಭ್ಯಾಸ ಹಲವು ಕಡೆ ಇದೆ, ಬಿಟ್ಟುಬಿಡಿ. ಅದರಲ್ಲಿರುವ ಆಮ್ಲದ ಅಂಶ, ಲೋಹದ ಪುಡಿ ರೋಪಿನ ಒಳಗೇ ಹೋಗುತ್ತದೆ.

4. ಡ್ರಮ್, ರೋಪ್ ಗೈಡ್, ಶೀವ್

ಶೀವಿನ ಗ್ರೂವ್‌ನಲ್ಲಿ ಬೆರಳಾಡಿಸಿ. ಸ್ಟ್ರ್ಯಾಂಡುಗಳ ಅಚ್ಚು ಬಿದ್ದಿದ್ದರೆ ಹೊಸ ರೋಪ್ ಹಾಕಿ ಪ್ರಯೋಜನವಿಲ್ಲ, ಆ ಅಚ್ಚು ಹೊಸ ರೋಪನ್ನೂ ಅರೆಯುತ್ತದೆ. ಸವೆದ ಹಳೆಯ ರೋಪಿನ ಜೊತೆ ಸವೆದ ಗ್ರೂವ್ ಕಿರಿದಾಗಿರುತ್ತದೆ, ಅದರಲ್ಲಿ ದಪ್ಪನೆಯ ಹೊಸ ರೋಪ್ ಇಕ್ಕಟ್ಟಾಗಿ ಸಿಕ್ಕಿಕೊಳ್ಳುತ್ತದೆ. ಗ್ರೂವ್ ಗೇಜ್ ಇಟ್ಟು ಹಿಂದಿನಿಂದ ಟಾರ್ಚ್ ಬಿಟ್ಟರೆ ಬೆಳಕು ಎಲ್ಲಿ ತೂರಿ ಬರುತ್ತದೆ ಎಂಬುದರಲ್ಲೇ ಗೊತ್ತಾಗುತ್ತದೆ. ಶೀವನ್ನು ಕೈಯಲ್ಲಿ ತಿರುಗಿಸಿ ಬೇರಿಂಗ್ ನೋಡಿ. ಹುಕ್ ಪೂರ್ತಿ ಕೆಳಗಿದ್ದಾಗಲೂ ಡ್ರಮ್ ಮೇಲೆ ಕನಿಷ್ಠ ಎರಡು ಸುತ್ತು ರೋಪ್ ಉಳಿದಿರಬೇಕು. ರೋಪ್ ಗೈಡ್ ಒಡೆದಿದ್ದರೆ ಅದನ್ನು ಬದಲಿಸುವುದರ ಜೊತೆಗೆ ಯಾಕೆ ಒಡೆಯಿತು ಎಂದೂ ಕೇಳಿ. ನೂರಕ್ಕೆ ತೊಂಬತ್ತು ಸಲ ಯಾರೋ ಲೋಡನ್ನು ಓರೆಯಾಗಿ ಎಳೆದಿರುತ್ತಾರೆ.

5. ಹುಕ್

ಹುಕ್ ಹೊಸದಿರುವಾಗಲೇ ಬಾಯಿಯ ಎರಡೂ ಬದಿಗೆ ಸಣ್ಣ ಪಂಚ್ ಗುರುತು ಹಾಕಿ, ನಡುವಿನ ಅಂತರ ಬರೆದಿಡಬೇಕು. ತುಂಬಾ ಹುಕ್‌ಗಳಿಗೆ ತಯಾರಕರೇ ಗುರುತು ಹಾಕಿರುತ್ತಾರೆ. ಆಮೇಲೆ ಪ್ರತಿ ಸಲ ಅದೇ ಎರಡು ಚುಕ್ಕೆಗಳ ನಡುವೆ ಅಳೆದರೆ ಬಾಯಿ ಎಷ್ಟು ತೆರೆದುಕೊಂಡಿದೆ ಎಂದು ತಿಳಿಯುತ್ತದೆ. ಹಿಂದೆ ಅಮೆರಿಕದಲ್ಲಿ 15% ತೆರೆಯುವವರೆಗೂ ಒಪ್ಪುತ್ತಿದ್ದರು. ಈಗಿನ ಎಎಸ್‌ಎಂಇ ಬಿ30.10 ಅದನ್ನು 5%ಕ್ಕೆ ಇಳಿಸಿದೆ, ಅದೂ ಸುಮಾರು 6 ಮಿ.ಮೀ. ಮೀರದಂತೆ. ಭಾರ ಕೂರುವ ತಳದಲ್ಲಿ ಮೂಲ ದಪ್ಪದ 10% ಸವೆದಿದ್ದರೆ, ಕಣ್ಣಿಗೆ ಕಾಣುವಷ್ಟು ತಿರುಚಿದ್ದರೆ ಹುಕ್ ತೆಗೆಯಬೇಕು.

ಬಾಗಿದ ಹುಕ್ಕನ್ನು ಕಾಯಿಸಿ ಬಗ್ಗಿಸುವುದು, ಸವೆದ ಜಾಗಕ್ಕೆ ವೆಲ್ಡಿಂಗ್ ತುಂಬುವುದು ಇವೆರಡನ್ನೂ ಮಾಡಬೇಡಿ. ಶಾಖ ತಗುಲಿದರೆ ಫೋರ್ಜಿಂಗ್ ಮತ್ತು ಹೀಟ್ ಟ್ರೀಟ್‌ಮೆಂಟ್‌ನಿಂದ ಬಂದ ಗುಣ ಹೋಗುತ್ತದೆ. ಆಮೇಲೆ ಆ ಹುಕ್ ಮೊದಲು ಬಾಯಿ ತೆರೆದು ಎಚ್ಚರಿಸುವ ಬದಲು ನೇರವಾಗಿ ಮುರಿಯಬಹುದು.

ಯಾರೂ ಬಿಚ್ಚಿ ನೋಡದ ಭಾಗ ಹುಕ್ ಶ್ಯಾಂಕಿನ (ಹುಕ್ಕಿನ ಮೇಲಿನ ಕಂಬಿಯ) ಥ್ರೆಡ್. ನಟ್ ಒಳಗೆ ತೇವ ಹೊಕ್ಕು ತುಕ್ಕು ಹಿಡಿದಿರುತ್ತದೆ, ಬಿರುಕು ಶುರುವಾಗುವುದೂ ಥ್ರೆಡ್ಡಿನ ಬುಡದಲ್ಲಿ. ವಾರ್ಷಿಕ ಸರ್ವಿಸ್‌ನಲ್ಲಾದರೂ ಬಿಚ್ಚಿ, ಸ್ವಚ್ಛ ಮಾಡಿ, ಡೈ ಪೆನಿಟ್ರಂಟ್ ಟೆಸ್ಟ್ (ಬಣ್ಣ ಇಳಿಸಿ ಬಿರುಕು ಹುಡುಕುವುದು) ಮಾಡಿಸಿ. ಲಾಕ್ ಪ್ಲೇಟ್ ವಾಪಸ್ ಕೂರಿಸಿದ್ದೀರಾ ಎಂದು ಎರಡು ಸಲ ನೋಡಿ.

6. ಬ್ರೇಕ್

ಬ್ರೇಕ್ ಬಿಚ್ಚುವ ಮೊದಲು ಹುಕ್ ಬ್ಲಾಕ್ ನೆಲದ ಮೇಲೆ ಕೂತು ರೋಪ್ ಸಡಿಲವಾಗಿದೆಯೇ ಎಂದು ಮತ್ತೊಮ್ಮೆ ನೋಡಿ. ಲೋಡ್ ಇಲ್ಲದಿದ್ದರೂ ಹುಕ್ ಬ್ಲಾಕಿನ ತೂಕವೊಂದೇ ಡ್ರಮ್ ತಿರುಗಿಸಲು ಸಾಕು.

ಹಾಯ್ಸ್ಟ್‌ಗಳಲ್ಲಿ ಹೆಚ್ಚಾಗಿ ಸಿಗುವ ಎರಡು ಬಗೆಯ ಬ್ರೇಕ್ ಸವೆದಾಗ ಬೇರೆ ಬೇರೆ ರೀತಿ ವರ್ತಿಸುತ್ತವೆ. ಇದು ಗೊತ್ತಿಲ್ಲದೆ ರೋಗ ಒಂದು, ಮದ್ದು ಇನ್ನೊಂದು ಆಗುತ್ತದೆ.

ಮೋಟರ್ ಹಿಂಬದಿಯ ಡಿಸಿ ಡಿಸ್ಕ್ ಬ್ರೇಕಿನಲ್ಲಿ ಲೈನರ್ ಸವೆದಂತೆ ಕಾಯಿಲ್‌ಗೂ ಆರ್ಮೇಚರ್ ಪ್ಲೇಟಿಗೂ ನಡುವಿನ ಏರ್ ಗ್ಯಾಪ್ ದೊಡ್ಡದಾಗುತ್ತದೆ. ಒಂದು ಮಿತಿ ದಾಟಿದರೆ ಕಾಯಿಲ್‌ಗೆ ಪ್ಲೇಟನ್ನು ಎಳೆಯಲು ಆಗುವುದಿಲ್ಲ, ಬ್ರೇಕ್ ಬಿಡುವುದಿಲ್ಲ. ಮೋಟರ್ ಬ್ರೇಕ್ ಹಾಕಿಕೊಂಡೇ ತಿರುಗುತ್ತದೆ, ಬಿಸಿಯಾಗುತ್ತದೆ, ಓವರ್‌ಲೋಡ್ ರಿಲೇ ಬೀಳುತ್ತದೆ. ಆಗ ಬಂದ ಎಲೆಕ್ಟ್ರಿಷಿಯನ್ ರಿಲೇ ಸೆಟ್ಟಿಂಗ್ ಏರಿಸಿ ಹೋಗುತ್ತಾನೆ! ನೋಡಬೇಕಾದದ್ದು ಫೀಲರ್ ಗೇಜ್ ಹಾಕಿ ಗ್ಯಾಪನ್ನು, ಸುತ್ತಲೂ ಮೂರು ಕಡೆ.

ಥ್ರಸ್ಟರ್ (ರಾಡ್ ಮೇಲೆತ್ತಿ ಬ್ರೇಕ್ ಬಿಡಿಸುವ ಸಾಧನ) ಇರುವ ಡ್ರಮ್ ಬ್ರೇಕಿನಲ್ಲಿ ಇದಕ್ಕೆ ತಿರುಗುಮುರುಗು. ಲೈನರ್ ಸವೆದಂತೆ ಥ್ರಸ್ಟರ್ ರಾಡ್ ಪ್ರತಿ ಸಲ ಇನ್ನಷ್ಟು ಕೆಳಕ್ಕೆ ಇಳಿಯುತ್ತದೆ. ತಳ ಮುಟ್ಟಿದ ಮೇಲೆ ಸ್ಪ್ರಿಂಗಿನ ಬಲ ಡ್ರಮ್ಮಿಗೆ ತಲುಪುವುದಿಲ್ಲ, ಲೋಡ್ ಜಾರುತ್ತದೆ. ಒಂದು ಕಾರ್ಖಾನೆಯಲ್ಲಿ ತಿಂಗಳು ತಿಂಗಳೂ ಸ್ಪ್ರಿಂಗ್ ಬಿಗಿ ಮಾಡುತ್ತಾ ಬಂದಿದ್ದರು, ಜಾರುವುದು ನಿಂತಿರಲಿಲ್ಲ. ನಾನು ಹೋಗಿ ನೋಡಿದರೆ ಥ್ರಸ್ಟರ್ ತಳ ಹಿಡಿದಿತ್ತು, ಲೈನರಿನ ರಿವೆಟ್ ತಲೆ ಡ್ರಮ್ಮಿಗೆ ಗೀರು ಹಾಕಿತ್ತು. ಬಿಗಿ ಮಾಡಿದ ಸ್ಪ್ರಿಂಗ್ ಅಷ್ಟು ದಿನವೂ ಥ್ರಸ್ಟರಿನ ತಳವನ್ನೇ ಒತ್ತುತ್ತಿತ್ತು. ಹೀಗಾಗದಿರಲು ಬ್ರೇಕ್ ಹಿಡಿದಿರುವಾಗ ರಾಡ್ ಇನ್ನೆಷ್ಟು ಇಳಿಯಬಲ್ಲದು ಎಂದು ಪ್ರತಿ ಸಲ ಅಳೆದು ಬರೆಯಿರಿ.

ಲೈನರ್ ಎಣ್ಣೆ ಕುಡಿದಿದ್ದರೆ ತೊಳೆದು ವಾಪಸ್ ಹಾಕಬೇಡಿ, ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಹೊರಗೆ ಬರುತ್ತದೆ. ಲೈನರ್ ಜೊತೆ ಎಣ್ಣೆ ಬಿಟ್ಟ ಗೇರ್‌ಬಾಕ್ಸ್ ಸೀಲನ್ನೂ ಬದಲಿಸಿ.

ಡಿಸಿ ಬ್ರೇಕಿನ ರೆಕ್ಟಿಫೈಯರ್ ಬದಲಿಸುವವರಿಗೆ ಒಂದು ಮಾತು. ಬ್ರೇಕ್ ಬೇಗ ಹಿಡಿಯಲೆಂದು ಹಾಯ್ಸ್ಟ್‌ಗಳಲ್ಲಿ ಡಿಸಿ ಕಡೆಯಲ್ಲೇ ಸರ್ಕ್ಯೂಟ್ ಕಡಿಯುವಂತೆ ವೈರಿಂಗ್ ಮಾಡಿರುತ್ತಾರೆ. ಹೊಸದನ್ನು ಹಾಕುವಾಗ ಆ ಎರಡು ಟರ್ಮಿನಲ್‌ಗೆ ಲಿಂಕ್ ಹಾಕಿಬಿಟ್ಟರೆ ಎಸಿ ಕಡೆ ಮಾತ್ರ ಕಡಿಯುತ್ತದೆ, ಕಾಯಿಲಿನ ಕಾಂತ ನಿಧಾನ ಇಳಿಯುತ್ತದೆ, ಅಷ್ಟು ಹೊತ್ತು ಲೋಡ್ ಕೆಳಗಿಳಿಯುತ್ತದೆ. ಬ್ರೇಕ್ ಹೊಸದು, ಲೈನರ್ ಹೊಸದು, ಆದರೂ ಜಾರುತ್ತದೆ ಎಂದು ತಲೆ ಕೆಡಿಸಿಕೊಂಡವರಿದ್ದರೆ ಅಲ್ಲಿ ನೋಡಿ.

7. ಗೇರ್‌ಬಾಕ್ಸ್, ಚಕ್ರ, ಹಳಿ

ಗೇರ್ ಆಯಿಲ್ ಬಿಸಿ ಇರುವಾಗಲೇ ಇಳಿಸಿ. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಮಸಿಯಂಥ ನುಣ್ಣನೆ ಪುಡಿ ಇದ್ದರೆ ಚಿಂತೆಯಿಲ್ಲ. ಹೊಳೆಯುವ ಚೂರು ಸಿಕ್ಕರೆ ಗೇರ್‌ಬಾಕ್ಸ್ ತೆರೆಯಬೇಕು. ಚಕ್ರದ ಫ್ಲ್ಯಾಂಜ್ (ಅಂಚಿನ ಉಬ್ಬು) ಒಂದೇ ಕಡೆ ಹೊಳೆಯುತ್ತಿದ್ದರೆ, ಹಳಿಯ ಬುಡದಲ್ಲಿ ಉಕ್ಕಿನ ಪುಡಿ ಬಿದ್ದಿದ್ದರೆ ಕ್ರೇನ್ ಓರೆಯಾಗಿ ಓಡುತ್ತಿದೆ. ಚಕ್ರ ಬದಲಿಸುವ ಮೊದಲು ಎರಡೂ ಕಡೆಯ ಡ್ರೈವ್ ಚಕ್ರಗಳ ವ್ಯಾಸ ಹೋಲಿಸಿ, ಹಳಿಯ ಅಂತರ ಅಳೆಸಿ. ಇಲ್ಲದಿದ್ದರೆ ಹೊಸ ಚಕ್ರವೂ ಅದೇ ದಾರಿ ಹಿಡಿಯುತ್ತದೆ.

8. ಲಿಮಿಟ್ ಸ್ವಿಚ್ ಮತ್ತು ಫೇಸ್

ಹುಕ್ ತೀರಾ ಮೇಲೇರದಂತೆ ತಡೆಯುವ ಮೇಲಿನ ಲಿಮಿಟ್ ಸ್ವಿಚ್ಚನ್ನು ಪ್ರತಿ ಪಾಳಿಯ ಆರಂಭದಲ್ಲಿ ಆಪರೇಟರ್ ಖಾಲಿ ಹುಕ್ಕಿನಲ್ಲಿ, ನಿಧಾನವಾಗಿ ಪರೀಕ್ಷಿಸಬೇಕು. ಸರ್ವಿಸ್‌ನಲ್ಲಿ ನೀವು ಕವರ್ ತೆರೆದು, ಕಾಂಟ್ಯಾಕ್ಟ್ ಸುಟ್ಟಿದೆಯೇ, ಯಾರಾದರೂ ತಂತಿ ಕಟ್ಟಿ ಬೈಪಾಸ್ ಮಾಡಿದ್ದಾರೆಯೇ ಎಂದು ನೋಡಿ. ಎರಡನೆಯದು ಅಪರೂಪವೇನಲ್ಲ.

ಇದಕ್ಕಿಂತ ಕಣ್ಣಿಗೆ ಬೀಳದ ಅಪಾಯ ಫೇಸ್ ಅದಲುಬದಲು. ಶೆಡ್ಡಿನ ಎಲ್ಲೋ ಒಂದು ಪ್ಯಾನೆಲ್ಲಿನಲ್ಲಿ ಕೇಬಲ್ ಬಿಚ್ಚಿ ಹಾಕುವಾಗ ಎರಡು ಫೇಸ್ ಬದಲಾದರೆ, ಮೋಟರ್ ನೇರ ಕಾಂಟ್ಯಾಕ್ಟರಿನಲ್ಲಿ ಓಡುವ ಕ್ರೇನಿನಲ್ಲಿ ‘ಮೇಲೆ’ ಒತ್ತಿದಾಗ ಹುಕ್ ಕೆಳಗಿಳಿಯುತ್ತದೆ. ಆಪರೇಟರ್ ಜಾಣತನದಿಂದ ‘ಕೆಳಗೆ’ ಒತ್ತಿ ಎತ್ತುತ್ತಾನೆ. ಮೇಲಿನ ಲಿಮಿಟ್ ಕಡಿಯುವುದು ‘ಮೇಲೆ’ ಸರ್ಕ್ಯೂಟನ್ನು ಮಾತ್ರ, ಹಾಗಾಗಿ ಈಗ ಹುಕ್ ಬ್ಲಾಕನ್ನು ತಡೆಯುವವರಿಲ್ಲ. ಅದು ಡ್ರಮ್ಮಿಗೆ ಗುದ್ದಿ ರೋಪ್ ಕಿತ್ತುಹೋಗುತ್ತದೆ. ಬಟನ್ ಉಲ್ಟಾ ಕೆಲಸ ಮಾಡಿದರೆ ಅಲ್ಲೇ ನಿಲ್ಲಿಸಬೇಕೆಂದು ಪ್ರತಿ ಆಪರೇಟರ್‌ಗೂ ಹೇಳಿ. ಫೇಸ್ ಸೀಕ್ವೆನ್ಸ್ ರಿಲೇ ಇಲ್ಲದ ಹಳೆಯ ಪ್ಯಾನೆಲ್ಲಿಗೆ ಒಂದು ಹಾಕಿಸಿ.

9. ರೋಪ್ ಬದಲಿಸುವುದು

ರೀಲನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ತಿರುಗಿಸುತ್ತಾ ಬಿಚ್ಚಿ. ಮಲಗಿಸಿದ ರೀಲಿನಿಂದ ಸುರುಳಿ ಸುರುಳಿಯಾಗಿ ಎಳೆದರೆ ರೋಪ್ ತಿರುಚಿ ಗಂಟು ಬೀಳುತ್ತದೆ, ಹೊಸ ರೋಪ್ ಅಲ್ಲಿಗೇ ಹಾಳು. ಕತ್ತರಿಸುವ ಜಾಗದ ಎರಡೂ ಬದಿಗೆ ಮೊದಲು ಸಣ್ಣ ತಂತಿ ಬಿಗಿಯಾಗಿ ಸುತ್ತಿ. ತುದಿಗೆ ಯು-ಬೋಲ್ಟ್ ಕ್ಲಿಪ್ ಹಾಕುವುದಾದರೆ ಕ್ಲಿಪ್ಪಿನ ತಡಿ (ಸ್ಯಾಡಲ್) ಭಾರ ಹೊರುವ ರೋಪಿನ ಮೇಲೆ, ಯು ಭಾಗ ಮಡಚಿದ ತುಂಡು ತುದಿಯ ಮೇಲೆ ಬರಬೇಕು. ಉಲ್ಟಾ ಹಾಕಿದರೆ ಯು-ಬೋಲ್ಟ್ ಭಾರ ಹೊರುವ ರೋಪನ್ನೇ ಕಚ್ಚುತ್ತದೆ. ಭಾರ ಬಿದ್ದ ಮೇಲೆ ರೋಪ್ ಸಣ್ಣಗಾಗುವುದರಿಂದ ನಟ್ ಮತ್ತೊಮ್ಮೆ ಬಿಗಿ ಮಾಡಿ. ವೆಡ್ಜ್ ಸಾಕೆಟ್ (ಬೆಣೆಯಿಂದ ರೋಪ್ ಹಿಡಿಸುವ ತುದಿ) ಆದರೆ ಭಾರದ ರೋಪ್ ಪಿನ್ನಿನ ನೇರಕ್ಕೆ ಇಳಿಯಬೇಕು, ತುಂಡು ತುದಿಯನ್ನು ಅದಕ್ಕೆ ಸೇರಿಸಿ ಕ್ಲಿಪ್ ಹಾಕಬಾರದು.

ರೋಪ್ ಹಾಕಿದ ಮೇಲೆ, ಕ್ರೇನಿನ ಸಾಮರ್ಥ್ಯದ ಸುಮಾರು 10% ಲೋಡಿನಲ್ಲಿ ನಿಧಾನವಾಗಿ ಹಲವು ಸಲ ಏರಿಸಿ ಇಳಿಸಿ. ಎಳೆಗಳು ತಮ್ಮ ಜಾಗಕ್ಕೆ ಕೂರುತ್ತವೆ. ಆಮೇಲೆ ವ್ಯಾಸ ಅಳೆದು ಬರೆಯಿರಿ.

10. ಲೋಡ್ ಹಾಕಿ ನೋಡುವುದು

ಬ್ರೇಕಿಗೆ ಕೈ ಹಾಕಿದ್ದರೆ ಪೂರ್ತಿ ಲೋಡನ್ನು ನೆಲದಿಂದ ಒಂದು ಗೇಣು ಮಾತ್ರ ಎತ್ತಿ ನಿಲ್ಲಿಸಿ, ಗುರುತು ಮಾಡಿ ಕಾಯಿರಿ. ಆಮೇಲೆ ಸ್ವಲ್ಪ ಎತ್ತರದಿಂದ ಇಳಿಸುತ್ತಾ ಬಟನ್ ಬಿಟ್ಟು, ಎಷ್ಟು ದೂರ ಹೋಗಿ ನಿಂತಿತು ಎಂದು ಅಳೆಯಿರಿ. ಗರ್ಡರ್‌ಗೆ ವೆಲ್ಡಿಂಗ್‌ನಂಥ ದೊಡ್ಡ ರಿಪೇರಿ ಆಗಿದ್ದರೆ ಅಷ್ಟು ಸಾಲದು. ಐಎಸ್‌ಒ 4310 ಪ್ರಕಾರ 125% ಲೋಡನ್ನು 100ರಿಂದ 200 ಮಿ.ಮೀ. ಎತ್ತಿ ಕನಿಷ್ಠ 10 ನಿಮಿಷ ಹಿಡಿದು ನೋಡುವ ಸ್ಟ್ಯಾಟಿಕ್ ಟೆಸ್ಟ್, 110% ಲೋಡಿನಲ್ಲಿ ಓಡಿಸಿ ನೋಡುವ ಡೈನಮಿಕ್ ಟೆಸ್ಟ್ ಎರಡೂ ಬೇಕು. ಅದು ಅಧಿಕೃತ ಪರೀಕ್ಷಕರ ಕೆಲಸ. ಟೆಸ್ಟ್‌ಗೆಂದು ಓವರ್‌ಲೋಡ್ ಲಿಮಿಟರ್ ಬೈಪಾಸ್ ಮಾಡಿದವರೇ ಅದನ್ನು ವಾಪಸ್ ಹಾಕಿ ಸಹಿ ಮಾಡಲಿ.

11. ನೋಟ್‌ಬುಕ್

ರೋಪ್ ವ್ಯಾಸ, ತುಂಡಾದ ತಂತಿ, ಹುಕ್ಕಿನ ಅಂತರ, ಬ್ರೇಕ್ ಗ್ಯಾಪ್, ಜಾರಿದ ದೂರ, ಹಾಯ್ಸ್ಟಿನ ಅವರ್ ಮೀಟರ್. ಕೊನೆಯದನ್ನು ಯಾಕೆ ಬರೆಯಬೇಕು ಎಂದರೆ ಹಾಯ್ಸ್ಟ್‌ಗೂ ಒಂದು ಆಯಸ್ಸಿದೆ. ಯುರೋಪಿನ ಎಫ್‌ಇಎಂ 9.755 ನಿಯಮದಲ್ಲಿ 1ಎಎಂ ವರ್ಗದ ಹಾಯ್ಸ್ಟ್‌ಗೆ 800 ಗಂಟೆ, 2ಎಂ ವರ್ಗಕ್ಕೆ 1600 ಗಂಟೆ. ಅಷ್ಟಾದ ಮೇಲೆ ಪೂರ್ತಿ ಓವರ್‌ಹಾಲ್. ಇವು ಪೂರ್ಣ ಲೋಡಿನ ಗಂಟೆಗಳು, ಲೋಡ್ ಕಡಿಮೆಯಾದರೆ ಘನದ ಲೆಕ್ಕದಲ್ಲಿ ಇಳಿಯುತ್ತವೆ. ಒಟ್ಟು ಭಾರ ಅರ್ಧವಿದ್ದಾಗ ಎಂಟು ಗಂಟೆ ಓಡಿದರೆ ಒಂದು ಗಂಟೆ ಎಂದು ಲೆಕ್ಕ. ಹಗುರ ಕೆಲಸದ ಕ್ರೇನ್ ಇಪ್ಪತ್ತು ವರ್ಷ ಬಾಳುವುದು, ಅದೇ ಮಾಡೆಲ್ ಪಕ್ಕದ ಶೆಡ್ಡಿನಲ್ಲಿ ಐದೇ ವರ್ಷಕ್ಕೆ ಗೇರ್ ಕಚ್ಚುವುದು ಇದೇ ಕಾರಣಕ್ಕೆ.

ಇಷ್ಟರ ಕೆಳಗೆ, ಈ ಸಲ ಮಾಡಲಾಗದೆ ಬಿಟ್ಟದ್ದನ್ನೂ ಒಂದು ಸಾಲು ಬರೆಯಿರಿ. ‘ಹುಕ್ ಬ್ಲಾಕಿನ ಎಡಗಡೆ ಶೀವ್ ತಿರುಗಿಸಿದರೆ ಸಣ್ಣ ಶಬ್ದ. ಬೇರಿಂಗ್ ತರಿಸಬೇಕು. ಮುಂದಿನ ಸಲ ಮೊದಲು ಇದನ್ನೇ ಬಿಚ್ಚುವುದು.’